ಆಡಿಟ್ ಅಂತ ಫೋನ್ ಬಂದ್ರ ಯಾವ ಫೈಲ್ ತಗೀಬೇಕು? ರೈತ ಉತ್ಪಾದಕ ಕಂಪನಿಗಳಿಗೆ

[ದೃಶ್ಯ: ಬ್ಯಾಡಗಿ ಎಪಿಎಂಸಿ ಪ್ರಾಂಗಣ, ಸಾಲಾಗಿಟ್ಟ ಮೆಣಸಿನಕಾಯಿ ಚೀಲ]

ನಮಸ್ಕಾರ್ರಿ. "ನಾಡಿದ್ದು ಆಡಿಟ್ ಐತಿ" ಅಂದ ಕೂಡ್ಲೇ ಇದ್ದಬದ್ದ ಫೈಲೆಲ್ಲಾ ಟೇಬಲ್ ಮ್ಯಾಲೆ ಸುರುವಬ್ಯಾಡ್ರಿ. ಮೊದಲು ಒಂದ್ ಮಾತು ಕೇಳ್ರಿ: ಯಾರ ಆಡಿಟ್, ಯಾವ ನಿಯಮದ್ದು? ಲೆಕ್ಕ ನೋಡೋ ಸಿಎಗೆ (ಚಾರ್ಟರ್ಡ್ ಅಕೌಂಟೆಂಟ್) ಎಣ್ಣಿ ಹೊಡೆದ ವಹಿ, ಅಂದ್ರ ಬೆಳಿಗೆ ಔಷಧ ಹೊಡೆದದ್ದು ಬರೆಯೋ ಪುಸ್ತಕ, ಬೇಕಾಗಿಲ್ಲ. ಸಾವಯವ ಪ್ರಮಾಣಪತ್ರ ಕೊಡೋರಿಗೆ ಷೇರು ರಿಜಿಸ್ಟರ್ ಬೇಕಾಗಿಲ್ಲ. ಆದ್ರ ಇಬ್ಬರೂ ಕೇಳೋ ಕಾಗದ ಒಂದೈತಿ, ತೂಕದ ಚೀಟಿ. ಅದನ್ನ ಆಮ್ಯಾಲೆ ಬಿಡಿಸಿ ನೋಡೋಣ.

ಮೊದಲು ಲೆಕ್ಕದ್ದು. ಉತ್ಪಾದಕ ಕಂಪನಿ ಅಂದ್ಮ್ಯಾಲೆ ವಹಿವಾಟು ಎಷ್ಟೇ ಸಣ್ಣದಿರ್ಲಿ, ಶಾಸನಬದ್ಧ ಆಡಿಟ್ ಬಿಡಂಗಿಲ್ಲ. ಅದರ ಜೊತಿ ಒಳ ಆಡಿಟನ್ನೂ ಸಿಎನ ಮಾಡಬೇಕು ಅಂತ ಕಂಪನಿ ಕಾಯ್ದೆ ಹೇಳ್ತೈತಿ. ಖರ್ಚು ಉಳೀತೈತಿ ಅಂತ ಒಬ್ಬರಿಗೇ ಎರಡೂ ಕೊಡಂಗಿಲ್ರಿ. ವಾರ್ಷಿಕ ಸಭೆ ಆದ್ಮ್ಯಾಲೆ ಸಲ್ಲಿಸೋ ಫಾರ್ಮ್ ತಡ ಆದ್ರ ಒಂದೊಂದು ಫಾರ್ಮಿಗೆ ದಿನಕ್ಕ 100 ರೂಪಾಯಿ ಬೀಳ್ತೈತಿ.

[ದೃಶ್ಯ: ಗೊಬ್ಬರ ಮಳಿಗೆ, ಗೋಡೆ ಮ್ಯಾಲೆ ದರಪಟ್ಟಿ]

ಗೊಬ್ಬರ, ಬೀಜ, ಔಷಧ ಮಾರೋ ಕಂಪನಿಗೆ ಕೃಷಿ ಇಲಾಖೆ ತಪಾಸಣೆ ಹೇಳದೇ ಕೇಳದೇ ಬರ್ತೈತಿ. ದಾಸ್ತಾನು ಮತ್ತ ದರದ ಫಲಕ ಹೊರಗ ಕಾಣೋ ಹಂಗ ಇರಬೇಕು. ಇಲ್ಲಿ ಸಿಕ್ಕಿಹಾಕಿಕೊಳ್ಳೋದು ಪಿಒಎಸ್ ಮಷಿನ್ನಿನ್ಯಾಗ, ಅಂದ್ರ ರೈತನ ಹೆಬ್ಬೆಟ್ಟು ತಗೊಂಡು ಮಾರಾಟ ದಾಖಲಿಸೋ ಯಂತ್ರದಾಗ. ಬಿತ್ತಿಗಿ ಗದ್ದಲದಾಗ ಯೂರಿಯಾ ಚೀಲ ಕೊಟ್ಟು, ಹೆಬ್ಬೆಟ್ಟು ನಾಳಿ ಅಂತ ಬಿಡ್ತಾರ. ಮಷಿನ್ ಲೆಕ್ಕದಾಗ ಚೀಲ ಅದಾವ, ಗೋದಾಮಿನ್ಯಾಗ ಇಲ್ಲ. ಅಧಿಕಾರಿ ಕಣ್ಣಿಗೆ ಅದು ಕಳ್ಳ ಮಾರಾಟನ ರೀ. ಅವಧಿ ಮುಗಿದ ಔಷಧ ಬ್ಯಾರೆ ಕಡೆ ಇಟ್ಟು, "ಮಾರಾಟಕ್ಕಲ್ಲ" ಅಂತ ಚೀಟಿ ಹಚ್ಚಿರ್ರಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು.

ಹೊಲದಾಗ ಬೆಳೆಯೋ ರೈತನಿಗೆ ಆಹಾರ ಸುರಕ್ಷತಾ ಲೈಸೆನ್ಸ್ ಬೇಕಾಗಿಲ್ಲ. ಅದೇ ಕಾಯಿ ನಿಮ್ಮ ಕಂಪನಿ ಬೀಸಿ, ಖಾರಪುಡಿ ಪ್ಯಾಕೆಟ್ ಮಾಡಿದ್ರ ಬೇಕು.

ಇನ್ನ ಖರೀದಿದಾರರ ಆಡಿಟ್. ಸರ್ಕಾರದ್ದಕ್ಕಿಂತ ಬಿಗಿ ಇರೋದು ಇದು. ಒಣಮೆಣಸಿನಕಾಯಿ ರಫ್ತುದಾರ ನೋಡೋದು ಮುಖ್ಯ ಎರಡು: ಔಷಧದ ಉಳಿಕೆ (ಕಾಯ್ಯಾಗ ಉಳಿದ ಔಷಧದ ಅಂಶ), ಅಫ್ಲಾಟಾಕ್ಸಿನ್ ಅನ್ನೋ ವಿಷ. ಅಫ್ಲಾಟಾಕ್ಸಿನ್‌ಗೆ ಯುರೋಪಿನ ಮಿತಿ ಕಿಲೋಕ್ಕ ಹಿಂಗೈತಿ: ಬಿ1 ಅನ್ನೋ ಬಗಿ 5 ಮೈಕ್ರೋಗ್ರಾಂ, ಎಲ್ಲಾ ಬಗಿ ಸೇರಿ ಒಟ್ಟು 10. ಈ ವಿಷ ಬೂಸ್ಟಿನಿಂದ ಹುಟ್ಟತೈತಿ, ಬೂಸ್ಟು ಹಸಿಯಿಂದ. ನಮ್ಮ ದೇಶದ ನಿಯಮದಾಗ ಇಡೀ ಒಣಕಾಯಿಯ ತೇವಾಂಶ ನೂರಕ್ಕ 11 ದಾಟಂಗಿಲ್ಲ. ಚೀಲ ತುಂಬುವಾಗ ಕಾಯಿ ಮುರಿಬಾರದು, ತೂಕ ಬರ್ಲಿ ಅಂತ ನೀರು ಚಿಮುಕಿಸ್ತಾರಲ್ಲ, ಅಲ್ಲೇ ಕೆಟ್ಟತು. ಮ್ಯಾಲಿನ ಕಾಯಿ ಒಣಗಿರ್ತೈತಿ, ಚೀಲದ ನಡುವ ಬೂಸ್ಟು ಹಿಡೀತೈತಿ. ಆಡಿಟರ್ ಮಾದರಿ ತಗಿಯೋದೂ ನಡುವಿನಿಂದನ. ಮಣ್ಣಿನ ಕಣ ಬಿಟ್ಟು ತಾಡಪತ್ರಿ ಮ್ಯಾಲೆ ಒಣಗಸ್ರಿ. ಮಳಿ ಮೋಡ ಕಂಡ್ರ ರಾಶಿ ಮುಚ್ಚಾಕ ಇನ್ನೊಂದು ತಾಡಪತ್ರಿ ಇರ್ಲಿ.

[ದೃಶ್ಯ: ಎಣ್ಣಿ ಹೊಡೆದ ವಹಿಯ ಒಂದು ಪುಟ, ಹತ್ತಿರದಿಂದ]

ಉಳಿಕೆ ವಿಷಯಕ್ಕ ಈ ಪುಟ ನೋಡ್ರಿ. ತಾರೀಕು, ಸರ್ವೆ ನಂಬರ್, ಹಿಸ್ಸಾ, ಯಾವ ಕೀಟ, ಔಷಧದ ಹೆಸರು, ಬ್ಯಾಚ್ ನಂಬರ್, ಪ್ರಮಾಣ, ನೀರು ಎಷ್ಟು ಲೀಟರ್, ಹೊಡೆದವರು ಯಾರು, ಎಷ್ಟು ದಿನ ಕಾಯಬೇಕು. ಕಡೀ ಮನಿ ಒಂದ ಖಾಲಿ: ಕಾಯಿ ಬಿಡಿಸಿದ ತಾರೀಕು. ಮೆಣಸಿನಕಾಯಿ ಒಂದ ಸಲಕ್ಕ ಬಿಡಿಸಿ ಮುಗಿಯೋ ಬೆಳಿ ಅಲ್ರಿ. ಮೊದಲನೇ ಬಿಡಿಸೋದು ಮುಗಿದು, ಥ್ರಿಪ್ಸ್ (ರಸ ಹೀರೋ ಸಣ್ಣ ಹುಳ) ಅಂತ ಔಷಧ ಹೊಡೀತೀರಿ, ಲೇಬಲ್ ಹೇಳಿದ ದಿನ ಮುಗಿಯೂದ್ರೊಳಗ ಎರಡನೇದು ಬಿಡಿಸ್ತೀರಿ. ಉಳಿಕೆ ಬರೋದು ಇಲ್ಲೇ. ಟ್ರೈಅಜೋಫಾಸ್ ಡಬ್ಬಿ ಹಳೇದಿದ್ರ ಮುಟ್ಟಬ್ಯಾಡ್ರಿ, 2020ರ ಕೊನಿಯಿಂದ ದೇಶದಾಗ ಅದು ನಿಷೇಧ.

ಪ್ರಮಾಣಪತ್ರದ ಆಡಿಟ್ ಬ್ಯಾರೆ. ಸಾವಯವಕ್ಕ ರಫ್ತಿನ ದಾರಿ ಎನ್‌ಪಿಒಪಿ, ಅಂದ್ರ ಕೇಂದ್ರ ಸರ್ಕಾರದ ಸಾವಯವ ಪ್ರಮಾಣೀಕರಣ ಕಾರ್ಯಕ್ರಮ: ವಾರ್ಷಿಕ ಬೆಳಿಗೆ ಬಿತ್ತೂಕಿಂತ ಮೊದಲು 2 ವರ್ಷ ಪರಿವರ್ತನೆ (ಸಾವಯವಕ್ಕ ಹೊಳ್ಳೋ ಅವಧಿ), ಧಾರವಾಡದ ಆಪೂಸ್ ಮಾವಿನಂಥ ಬಹುವಾರ್ಷಿಕಕ್ಕ 3 ವರ್ಷ. ಪಿಜಿಎಸ್ ಅನ್ನೋ ಇನ್ನೊಂದು ಸಾವಯವ ಪದ್ಧತಿಯಾಗ ರೈತರ ಗುಂಪೇ ಒಬ್ಬರನ್ನೊಬ್ಬರು ನೋಡಿ ದೃಢೀಕರಿಸ್ತಾರ. ಖರ್ಚು ಕಡಿಮಿ, ಆದ್ರ ವಿದೇಶಿ ಖರೀದಿದಾರ ಒಪ್ಪೋದು ಕಷ್ಟ. ಹಣ್ಣು-ತರಕಾರಿಗೆ ಖರೀದಿದಾರ ಗ್ಲೋಬಲ್‌ಗ್ಯಾಪ್ (ಒಳ್ಳೆ ಬೇಸಾಯ ಪದ್ಧತಿಯ ಅಂತರರಾಷ್ಟ್ರೀಯ ಪ್ರಮಾಣಪತ್ರ) ಕೇಳಿದ್ರ, ದೊಡ್ಡ ಷರತ್ತು ನೂರಕ್ಕ ನೂರು, ಸಣ್ಣವು ನೂರಕ್ಕ 95 ಪಾಸಾಗಬೇಕು.

ಈಗ ತೂಕದ ಚೀಟಿ. ಆಡಿಟರ್ ಗೋದಾಮಿನ್ಯಾಗ ಒಂದು ಚೀಲಕ್ಕ ಕೈ ಹಚ್ಚಿ "ಇದು ಯಾರ ಹೊಲದ್ದು?" ಅಂತಾರ. ಲಾಟ್ ನಂಬರಿನಿಂದ ಚೀಟಿ, ಚೀಟಿಯಿಂದ ಸದಸ್ಯ, ಸದಸ್ಯನಿಂದ ಉತಾರ (ಪಹಣಿ) ಮತ್ತ ಎಣ್ಣಿ ಹೊಡೆದ ವಹಿ, ಹಿಂಗ ಒಂದರಿಂದ ಒಂದು ಸಿಗಬೇಕು. ಉದಾಹರಣೆಗೆ, ಉತಾರದಾಗ 2 ಎಕರೆ, ನಿಮ್ಮದೇ ಒಳ ತಪಾಸಣೆ ಅಂದಾಜು 8 ಕ್ವಿಂಟಲ್, ಚೀಟ್ಯಾಗ 19 ಕ್ವಿಂಟಲ್ ಅಂತಿದ್ರ? ಬಾಜೂ ಹೊಲದ ಕಾಯಿ ಸಾವಯವದ ಹೆಸರಿನ್ಯಾಗ ಬಂದಂಗಾತು. ಹಿಂಗಾದ್ರ ಒಬ್ಬ ಸದಸ್ಯನದಷ್ಟ ಅಲ್ಲ, ಇಡೀ ಗುಂಪಿನ ಪತ್ರಕ್ಕ ಸಂಚಕಾರ. ಚೀಟಿ ಮೂರು ಪ್ರತಿ ಹರೀರಿ: ರೈತನಿಗೊಂದು, ಗೋದಾಮಿಗೊಂದು, ಆಫೀಸಿಗೊಂದು. ಲಾಟ್ ನಂಬರ್ ತೂಗುವಾಗನ ಬರೀರಿ, ಸಂಜಿಕ ಕುಂತು ನೆನಪಿನಿಂದ ಬರೀಬ್ಯಾಡ್ರಿ.

ಕೊರತೆ ಬರೆದು ಕೊಟ್ರ ಹೆದರಬ್ಯಾಡ್ರಿ, ಸರಿಪಡಿಸಾಕ ದಿನ ಕೊಡ್ತಾರ. "ಸರಿ ಮಾಡೇವಿ" ಅಂತಷ್ಟ ಬರೆದ್ರ ಆಗೂದಿಲ್ಲ. ಯಾಕ ತಪ್ಪಿತು, ಮತ್ತ ಆಗದಂಗ ಏನು ಮಾಡೀರಿ, ಯಾರ ಜವಾಬ್ದಾರಿ, ಮೂರೂ ಬರೀರಿ. ಪುರಾವೆ ಫೋಟೋ ಕಳಸೂಕಿಂತ ಮೊದಲು ಅದರ ಮ್ಯಾಲೆ ತಾರೀಕು ಕಾಣ್ತೈತಿಲ್ಲೋ ನೋಡ್ರಿ.