ಎರಡು ಸೆಕೆಂಡು ಎಣ್ಣೆ ಸಿಗದಿದ್ದರೆ

ಎಲ್ಲರಿಗೂ ನಮಸ್ಕಾರ. ನಿಮ್ಮ ವಿಭಾಗದ ಮೇಷ್ಟ್ರು ಫೋನ್ ಮಾಡಿ ರೇಸಿನ ಅನುಭವ ಹೇಳಿ ಅಂದರು. ಓಡಿದ ರೇಸಿನದ್ದು ಹೇಳಲೋ, ಓಡದೆ ವಾಪಸ್ ಬಂದಿದ್ದು ಹೇಳಲೋ ಅಂತ ಕೇಳಿದೆ. ಎರಡನೆಯದೇ ಇರಲಿ ಅಂದರು. ಅದಕ್ಕೇ ಈ ಪುಟ್ಟ ಸ್ಟೀಲ್ ಡಬ್ಬಿ ತಂದಿದ್ದೀನಿ. ಒಳಗೊಂದು ಬೇರಿಂಗ್ ಶೆಲ್ ಇದೆ, ಇಂಜಿನ್ ಒಳಗೆ ತಿರುಗುವ ದಂಡಕ್ಕೆ ಆಸರೆಯಾಗಿ ಕೂರುವ ಅರ್ಧಬಳೆಯಂಥ ಲೋಹದ ಪಟ್ಟಿ. ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸ್ತಾ ಹೋಗಿ. ಉಗುರಿನಿಂದ ಒಳಮೈ ಗೀರಿ ನೋಡಿ. ಬೂದು ಬಣ್ಣದ ನುಣುಪು ಒಂದು ಅಂಚಿನಲ್ಲಷ್ಟೇ ಉಳಿದಿದೆ, ಮಿಕ್ಕಲ್ಲೆಲ್ಲ ತಾಮ್ರ ಕಾಣ್ತಿದೆ. ನಾನು ಮಾತಾಡೋದೆಲ್ಲ ಆ ತಾಮ್ರದ ಬಗ್ಗೆ.

ನಾನು ಇಲ್ಲೇ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಆಟೋ ಸ್ಪೇರ್ಸ್ ಅಂಗಡಿ ಇಟ್ಟವನು. ವರ್ಷಕ್ಕೆ ಎರಡೋ ಮೂರೋ ರೇಸು, ಅದೂ ಕೈಯಿಂದ ದುಡ್ಡು ಹಾಕಿ. ಕಾರು 1300 ಸಿಸಿಯ ಹಳೇ ಸೆಡಾನ್. ನಮ್ಮೂರಿನವರಿಗೆ ಒಂದು ಅನುಕೂಲ ಇದೆ, ಬಹಳ ಜನ ಗಮನಿಸಿರಲ್ಲ: ನಮ್ಮ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಚಿತ್ರದುರ್ಗ, ತುಮಕೂರು, ಬೆಂಗಳೂರು, ವೇಲೂರು ದಾಟಿ ಚೆನ್ನೈಗೆ ಹೋಗುತ್ತೆ. ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್ ಕೂಡ ಅದೇ ರಸ್ತೆಯ ಮಗ್ಗುಲಲ್ಲಿದೆ. ಮೊದಲು ಚೆನ್ನೈ ಬಳಿಯ ಶೋಲಾವರಂನ ಹಳೇ ವಿಮಾನ ಪಟ್ಟಿಯಲ್ಲಿ ರೇಸು ನಡೀತಿತ್ತು. 1990ರಲ್ಲಿ ಈ ಟ್ರ್ಯಾಕ್ ಶುರುವಾಯಿತು. ಒಂದು ಸುತ್ತಿಗೆ 3.7 ಕಿ.ಮೀ. ಟ್ರೈಲರ್ ಮೇಲೆ ಕಾರು ಕಟ್ಟಿಕೊಂಡು ಗುರುವಾರ ಸಂಜೆ ಹೊರಟರೆ ಬೆಳಗ್ಗೆ ಅಲ್ಲಿರ್ತೀವಿ.

ಆ ಸಲವೂ ಹಾಗೇ ಹೋದೆವು, ನಾನು ಮತ್ತು ನನ್ನ ತಮ್ಮ. ಸ್ಕ್ರೂಟಿನಿ, ಅಂದರೆ ರೇಸಿಗೆ ಮುಂಚಿನ ಕಾರಿನ ತಪಾಸಣೆ, ಪಾಸಾಯಿತು. ಶುಕ್ರವಾರ ಪ್ರ್ಯಾಕ್ಟೀಸಿನಲ್ಲಿ ಒಂದು ಉದ್ದನೆಯ ಬಲತಿರುವಿಗೆ ಇಳಿದಾಗ ಕಣ್ಣಂಚಿನಲ್ಲಿ ಏನೋ ಅಲ್ಲಾಡಿದ ಹಾಗಾಯ್ತು. ಆಯಿಲ್ ಪ್ರೆಶರ್ ಮೀಟರಿನ ಮುಳ್ಳು. 60ರಲ್ಲಿ ಇದ್ದದ್ದು 20ಕ್ಕೆ ಬಿದ್ದು, ತಿರುವು ಮುಗಿಯುತ್ತಲೇ ಮತ್ತೆ 60ಕ್ಕೆ ಹೋಗಿ ನಿಂತಿತು. ಹೆಚ್ಚೆಂದರೆ ಎರಡು ಸೆಕೆಂಡು. ಮುಂದಿನ ಸುತ್ತಿನಲ್ಲೂ ಅಲ್ಲೇ, ಅಷ್ಟೇ. ಪಿಟ್ಟಿಗೆ ಬಂದು ತಮ್ಮನಿಗೆ ಹೇಳಿದೆ. "ಅಣ್ಣ, ವೈರ್ ಲೂಸ್ ಇರಬೇಕು" ಅಂದ. ನನಗೂ ಅದನ್ನೇ ನಂಬಬೇಕಿತ್ತು, ನಂಬಿದೆ. ವೈರ್ ಲೂಸಾಗಿದ್ದರೆ ಮುಳ್ಳು ಟ್ರ್ಯಾಕಿನ ಎಲ್ಲೆಂದರಲ್ಲಿ ಕುಣಿಯಬೇಕು. ಒಂದೇ ತಿರುವಿನಲ್ಲಿ ಯಾಕೆ ಬೀಳುತ್ತೆ? ಆ ಪ್ರಶ್ನೆ ಶುಕ್ರವಾರವೇ ಕೇಳಿಕೊಳ್ಳಬೇಕಿತ್ತು.

ಇಂಜಿನ್ ಕೆಳಗೆ ಸಂಪ್ ಅಂತ ಒಂದು ತಗಡಿನ ತೊಟ್ಟಿ ಇರುತ್ತೆ. ಎಣ್ಣೆ ಅದರಲ್ಲಿ ನಿಂತಿರುತ್ತೆ. ಒಂದು ಕೊಳವೆ ತಳದಿಂದ ಹೀರಿ ಪಂಪಿಗೆ ಕೊಡುತ್ತೆ. ಜಯದೇವ ಸರ್ಕಲ್ಲಿನಲ್ಲಿ ಆಟೋದವನು ರಪ್ಪನೆ ತಿರುಗಿಸಿದಾಗ ತೊಡೆ ಮೇಲಿನ ಮಜ್ಜಿಗೆ ಪಾತ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಲೆಕ್ಕ ಹಾಕಿ ನೋಡೋಣ. 50 ಮೀಟರ್ ತ್ರಿಜ್ಯದ ತಿರುವು, ಗಂಟೆಗೆ 72 ಕಿ.ಮೀ. ವೇಗ. ಅಂದರೆ ಸೆಕೆಂಡಿಗೆ 20 ಮೀಟರ್. 20ರ ವರ್ಗ 400, ಅದನ್ನು 50ರಿಂದ ಭಾಗಿಸಿದರೆ 8. ಭೂಮಿ ಕೆಳಗೆ ಎಳೆಯೋದು 9.8. ಎರಡನ್ನೂ ಸೇರಿಸಿ ಕೋನ ತೆಗೆದರೆ ಎಣ್ಣೆಯ ಮೇಲ್ಮೈ ಸುಮಾರು 39 ಡಿಗ್ರಿ ಓರೆಯಾಗಿ ನಿಲ್ಲುತ್ತೆ. ತಿರುವು ಮುಗಿಯುವ ತನಕ ಹಾಗೇ ನಿಂತಿರುತ್ತೆ. ಎಣ್ಣೆಯೆಲ್ಲ ಎಡಗೋಡೆಗೆ ಹತ್ತಿದಾಗ ಕೊಳವೆಯ ಬಾಯಿ ಬರೀ ಗಾಳಿ ಹೀರುತ್ತೆ.

ಪಿಸ್ಟನ್‌ಗಳು ತಿರುಗಿಸುವ ದಂಡಕ್ಕೆ ಕ್ರ್ಯಾಂಕ್ ಅಂತೀವಿ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವ ಸಂದು ಕೂದಲೆಳೆಗಿಂತ ಸಣ್ಣದು. ಆ ಸಂದಿನಲ್ಲಿ ಎಣ್ಣೆ ಇರುವವರೆಗೆ ಲೋಹಕ್ಕೆ ಲೋಹ ತಾಗಲ್ಲ, ಕ್ರ್ಯಾಂಕ್ ಎಣ್ಣೆಯ ಮೇಲೆ ತೇಲುತ್ತೆ. ಇಂಜಿನ್ 6000 ಆರ್‌ಪಿಎಂನಲ್ಲಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ ನೂರು ಸುತ್ತು ಹಾಕುತ್ತೆ. ಎರಡು ಸೆಕೆಂಡಿನ ತಿರುವು ಅಂದರೆ ಇನ್ನೂರು ಸುತ್ತು, ಸಾಕಷ್ಟು ಎಣ್ಣೆಯಿಲ್ಲದೆ. ಪ್ರತಿ ಸುತ್ತಿನಲ್ಲೂ ಅದನ್ನೇ ಮಾಡಿದ್ದೆ ನಾನು. ಕಂಪನಿಯಿಂದ ಬರುವ ಕೆಂಪು ಆಯಿಲ್ ಲೈಟನ್ನು ನಂಬಿಕೊಂಡು ಕೂರಬೇಡಿ. ಪ್ರೆಶರ್ ಪೂರ್ತಿ ನೆಲ ಕಚ್ಚಿದ ಮೇಲೆ ಉರಿಯುವ ಲೈಟ್ ಅದು.

ಶನಿವಾರ ಕ್ವಾಲಿಫೈಯಿಂಗ್, ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ಟೈಮ್ ನೋಡಿ ತೀರ್ಮಾನಿಸುವ ಓಟ. ಮೂರನೇ ಸುತ್ತಿನಲ್ಲಿ ಕಾಲ ಕೆಳಗಿನಿಂದ ಸದ್ದು ಬಂತು. ಟಕ್, ಟಕ್, ಟಕ್. ಆಕ್ಸಿಲರೇಟರ್ ಬಿಟ್ಟರೆ ಜೋರಾಗುತ್ತೆ, ಒತ್ತಿದರೆ ಸ್ವಲ್ಪ ಅಡಗುತ್ತೆ. ಹದಿನೆಂಟು ವರ್ಷ ಅಂಗಡಿಯಲ್ಲಿ ಗಿರಾಕಿಗಳ ಬಾಯಲ್ಲಿ ಕೇಳಿದ ಸದ್ದು, ಗುರುತು ಹಿಡಿಯೋಕೆ ಕಷ್ಟವಾಗಲಿಲ್ಲ. ಬಿಗ್ ಎಂಡ್, ಅಂದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್. ಆದರೂ ಅರ್ಧ ಸುತ್ತು ಓಡಿಸಿದೆ. ಈ ಒಂದು ಸುತ್ತು ಮುಗಿದರೆ ಟೈಮ್ ಬರುತ್ತೆ, ನಾಳೆ ಗ್ರಿಡ್ಡಿನಲ್ಲಿ ನಿಲ್ಲಬಹುದು ಅನ್ನೋ ಆಸೆ. ಆಮೇಲೆ ಸ್ವಿಚ್ ಆಫ್ ಮಾಡಿ ಹುಲ್ಲಿಗೆ ಇಳಿಸಿದೆ. ಆ ಅರ್ಧ ಸುತ್ತಿನ ಬಗ್ಗೆ ನನಗೆ ಇವತ್ತಿಗೂ ಸಂಕಟ ಇದೆ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದುಕೊಂಡು ಹೊರಗೆ ಬಂದಿದ್ದರೆ ಟ್ರ್ಯಾಕಿನ ತುಂಬ ಎಣ್ಣೆ. ಹಿಂದಿನಿಂದ ಬರುವ ಹುಡುಗ ಎಣ್ಣೆಯ ಮೇಲೆ ಬ್ರೇಕ್ ಹಾಕಿದರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ. ಮಾರ್ಷಲ್‌ಗಳ ಹತ್ತಿರ ಹಳದಿ-ಕೆಂಪು ಪಟ್ಟೆಯ ಬಾವುಟ ಇರೋದು ಅದಕ್ಕೇ. ಅವರು ಅದನ್ನು ಎತ್ತುವ ಪ್ರಸಂಗ ನನ್ನಿಂದ ಬರಬಾರದಿತ್ತು, ಪುಣ್ಯಕ್ಕೆ ಬರಲಿಲ್ಲ.

ಭಾನುವಾರದ ರೇಸು ಬೇಲಿಯ ಈಚೆ ನಿಂತು ನೋಡಿದೆವು. ರಾತ್ರಿಯೇ ಹೊರಟೆವು. ಹಿರಿಯೂರು ದಾಟಿ ದುರ್ಗದ ಹತ್ತಿರ ಬರೋ ಹೊತ್ತಿಗೆ ಬೆಳಕಾಗಿತ್ತು, ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗ್ತಾ ಇದ್ದವು. ಅವುಗಳ ಗೇರ್‌ಬಾಕ್ಸ್ ಒಳಗೂ ಇದೇ ಎಣ್ಣೆ ಪದರದ ಮೇಲೇ ಎಲ್ಲ ನಿಂತಿರೋದು ಅಂತ ಆವತ್ತು ಮೊದಲ ಸಲ ಹೊಳೀತು.

ಇಂಜಿನ್ ಬಿಚ್ಚಿದ್ದು ನಮ್ಮ ಮೇಸ್ತ್ರಿಗಳು. ಹತ್ತಿ ಮಿಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸ ಕಲಿತ ಹಿರಿಯರು. ಮೂರನೇ ರಾಡಿನ ಕ್ಯಾಪ್ ತೆಗೆದು ಈ ಶೆಲ್ಲನ್ನು ಅಂಗೈ ಮೇಲಿಟ್ಟುಕೊಂಡು ಬಿಸಿಲಿಗೆ ಹಿಡಿದರು. "ಮುಳ್ಳು ಬೀಳ್ತಿತ್ತೇನಪ್ಪಾ?" ಅಂದರು. ಬೀಳ್ತಿತ್ತು ಅಂದೆ. "ಮತ್ತೆ ಅದು ಹೇಳೈತಲ್ಲ, ನೀ ಕೇಳಿಲ್ಲ" ಅಂದು ಸುಮ್ಮನಾದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗ್ತಿತ್ತು.

ಆ ಶೆಲ್ ಅಪ್ಪಿಕೊಂಡಿದ್ದ ಕ್ರ್ಯಾಂಕ್ ಪಿನ್ ಬಿಸಿಗೆ ನೀಲಿಗಟ್ಟಿತ್ತು. ಬಿರುಕಿದೆಯಾ ಅಂತ ಪರೀಕ್ಷೆ ಮಾಡಿಸಿ, ಗ್ರೈಂಡಿಂಗ್ ಮಾಡಿಸಿ, ಸಣ್ಣದಾದ ಪಿನ್ನಿಗೆ ಹೊಂದುವ 0.25 ಮಿ.ಮೀ. ಅಂಡರ್‌ಸೈಜ್ ಶೆಲ್ ಹಾಕಿದೆವು. ಅದು ರಿಪೇರಿ ಆಯ್ತು, ಕಾರಣ ಹೋಗಲಿಲ್ಲ. ಅರ್ಧ ಲೀಟರ್ ಎಣ್ಣೆ ಜಾಸ್ತಿ ಹಾಕಿದರೆ ಸಾಕು ಅಂತ ಕೆಲವರು ಹೇಳ್ತಾರೆ. ನನಗದು ಒಪ್ಪಿಗೆ ಇಲ್ಲ, ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತೆ. ಮೇಸ್ತ್ರಿಗಳು ಸಂಪಿನ ಒಳಗೆ, ಕೊಳವೆಯ ಸುತ್ತ, ತಗಡಿನ ನಾಲ್ಕು ಗೋಡೆ ಬೆಸುಗೆ ಹಾಕಿದರು. ಪ್ರತಿ ಗೋಡೆಗೂ ಒಂದು ಪುಟ್ಟ ಬಾಗಿಲು. ಬಾಗಿಲು ಒಳಮುಖವಾಗಿ ಮಾತ್ರ ತೆರೆಯುತ್ತೆ, ಒಳಗೆ ಬಂದ ಎಣ್ಣೆ ಹೊರಗೆ ಹೋಗೋಕೆ ನೋಡಿದರೆ ತಾನಾಗಿ ಮುಚ್ಚಿಕೊಳ್ಳುತ್ತೆ.

ಹಳೇ ಸಂಪು, ಹೊಸ ಸಂಪು ಎರಡೂ ಈ ಮೇಜಿನ ಮೇಲಿವೆ, ಎರಡರಲ್ಲೂ ಮೂರೂವರೆ ಲೀಟರ್ ಎಣ್ಣೆ ಇದೆ. ಹಲಗೆಯ ಪಕ್ಕದಲ್ಲಿ ಕೋನಮಾಪಕ ಕಟ್ಟಿದ್ದೀನಿ. ಇಬ್ಬಿಬ್ಬರಾಗಿ ಬನ್ನಿ, 39 ಡಿಗ್ರಿಗೆ ಓರೆ ಮಾಡಿ, ಕೊಳವೆಯ ಬಾಯಿ ಎಲ್ಲಿ ಒಣಗುತ್ತೆ, ಎಲ್ಲಿ ಮುಳುಗಿರುತ್ತೆ ನೋಡಿ. ಕೈಗೆ ಎಣ್ಣೆ ಹತ್ತುತ್ತೆ, ಬನಿಯನ್ ವೇಸ್ಟ್ ಅಲ್ಲೇ ಇಟ್ಟಿದ್ದೀನಿ.