‘ಆಮೇಲೆ ಬೆಳೆಯುತ್ತಾನೆ ಬಿಡಿ’ ಎನ್ನುವ ಮುನ್ನ ಮಗುವಿನ ಎತ್ತರ ಅಳೆಯಿರಿ

ಶಿಡ್ಲಘಟ್ಟದಿಂದ ನಿಮ್ಮೆಲ್ಲರಿಗೂ ನಮಸ್ಕಾರ. ಕಳೆದ ಕಂತಿನಲ್ಲಿ ಬೆಳವಣಿಗೆ ಹಾರ್ಮೋನಿನ ಕೊರತೆಯ ಬಗ್ಗೆ, ಅದಿರುವ ಮಕ್ಕಳಿಗೆ ಇಂಜೆಕ್ಷನ್ ಬೇಕಾಗುತ್ತದೆ ಎಂದು ನಾನು ಆಡಿದ ಮಾತಿಗೆ ಚಿಂತಾಮಣಿ ಕಡೆಯ ವೀಕ್ಷಕರೊಬ್ಬರು, ‘ನಮ್ಮ ವಂಶದಲ್ಲಿ ಎಲ್ಲರೂ ಗಿಡ್ಡ, ವಯಸ್ಸಿಗೆ ಬಂದ ಮೇಲೆ ಹುಡುಗರು ತಾವಾಗಿಯೇ ಎತ್ತರ ಆಗುತ್ತಾರೆ, ಮಕ್ಕಳಿಗೆ ಸೂಜಿ ಚುಚ್ಚಿಸುವ ಮಾತು ಯಾಕೆ ಸ್ವಾಮಿ?’ ಎಂದು ಬರೆದಿದ್ದಾರೆ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಅವರನ್ನು ನಾನು ಕೇಳುವುದು ಒಂದೇ ಪ್ರಶ್ನೆ: ನೀವು ನಿಮ್ಮ ಮಗುವಿನ ಎತ್ತರವನ್ನು ಅಳೆದಿದ್ದೀರಾ?

ನಮ್ಮೂರಿನ ರೇಷ್ಮೆ ಬೆಳೆಗಾರರಿಗೆ ಹುಳು ಎಷ್ಟನೇ ಜ್ವರದಲ್ಲಿದೆ (ಪೊರೆ ಬಿಡುವ ಹಂತಕ್ಕೆ ನಾವು ಹೇಳುವುದೇ ಹಾಗೆ), ಯಾವ ದಿನ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುತ್ತದೆ ಎಂಬುದು ಬಾಯಿಪಾಠ. ತಟ್ಟೆಯ ಮೂಲೆಯಲ್ಲಿ ನಾಲ್ಕು ಹುಳು ಸಣಕಲಾಗಿ ಉಳಿದರೂ ಕಣ್ಣಿಗೆ ಬೀಳುತ್ತದೆ. ಅದೇ ಮನೆಯ ಮಗು ಹೋದ ವರ್ಷ ಎಷ್ಟು ಸೆಂಟಿಮೀಟರ್ ಬೆಳೆಯಿತು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ.

ನಮ್ಮ ಮನೆಯಲ್ಲೂ ಇರಲಿಲ್ಲ. ನನ್ನ ಅಕ್ಕ ತನ್ನ ಮಗನ ಶಾಲೆಯ ಪ್ಯಾಂಟನ್ನು ಉದ್ದವಾಗಿಯೇ ಹೊಲಿಸಿ, ಮುಂದಿನ ವರ್ಷಕ್ಕೂ ಆಗಲಿ ಎಂದು ಕೆಳಗೆ ನಾಲ್ಕು ಬೆರಳು ಮಡಿಸಿಟ್ಟಿದ್ದಳು. ಮುಂದಿನ ಜೂನ್ ಬಂದರೂ ಆ ಮಡಿಕೆ ಬಿಚ್ಚುವ ಪ್ರಮೇಯವೇ ಬರಲಿಲ್ಲ, ಖರ್ಚು ಉಳಿಯಿತೆಂದು ಎಲ್ಲರೂ ಸಂತೋಷಪಟ್ಟೆವು. ಬಾಗಿಲ ಚೌಕಟ್ಟಿನ ಮೇಲೆ ಅವನ ಅಜ್ಜ ಪೆನ್ಸಿಲಿನಲ್ಲಿ ಎಳೆದಿದ್ದ ಎರಡು ಯುಗಾದಿಯ ಗೆರೆಗಳ ನಡುವೆ ಎರಡು ಬೆರಳಿನ ಅಗಲವೂ ಇಲ್ಲ ಎಂಬುದನ್ನು ನಾವು ಗಮನಿಸಿದ್ದು ಆಮೇಲೆ. ತೋರಿಸಿದ ಮೊದಲ ವೈದ್ಯರು ಟೇಪು ಹಿಡಿಯದೆಯೇ ‘ಕಾಯೋಣ’ ಎಂದರು. ಹೀಗೆ ಕಾಯುತ್ತ, ಎತ್ತರದ ಪುಡಿಯ ಡಬ್ಬಗಳನ್ನು ಖಾಲಿ ಮಾಡುತ್ತ ಎರಡು ವರ್ಷ ಕಳೆದೆವು. ಆ ಎರಡು ವರ್ಷಗಳ ಬಗ್ಗೆ ನನಗೆ ಇಂದಿಗೂ ಸಂಕಟವಿದೆ.

ಹುಟ್ಟಿದ ಮೊದಲ ವರ್ಷ ಮಗು ಸುಮಾರು 25 ಸೆಂಟಿಮೀಟರ್ ಬೆಳೆಯುತ್ತದೆ, ಎರಡನೆಯ ವರ್ಷ ಸುಮಾರು 12. ನಾಲ್ಕು ವರ್ಷದಿಂದ ಹರೆಯದವರೆಗೆ ವರ್ಷಕ್ಕೆ 5ರಿಂದ 6 ಸೆಂಟಿಮೀಟರ್ ಸಹಜ. ವರ್ಷಕ್ಕೆ 4 ಸೆಂಟಿಮೀಟರನ್ನೂ ಮುಟ್ಟದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಅಂದರೆ ಒಂದು ದಿನದ ಎತ್ತರ ಮಾತ್ರ ನೋಡಿದರೆ ಪೂರ್ತಿ ತಿಳಿಯುವುದಿಲ್ಲ, ಆರು ತಿಂಗಳಿಗೊಮ್ಮೆ ಅಳೆದು ದಿನಾಂಕ ಸಮೇತ ಬರೆದಿಟ್ಟರೆ ಮಾತ್ರ ಬೆಳವಣಿಗೆಯ ವೇಗ ಕಾಣುತ್ತದೆ. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ದೇಶದ 5ರಿಂದ 18 ವರ್ಷದ ಮಕ್ಕಳಿಗಾಗಿಯೇ ಬೆಳವಣಿಗೆಯ ನಕ್ಷೆಗಳನ್ನು ಪ್ರಕಟಿಸಿದೆ. ಅದರಲ್ಲಿ ಒಂದು ಚುಕ್ಕಿ ಇಡಿಸಿಕೊಳ್ಳಲು ಎಷ್ಟು ಹೊತ್ತು ಬೇಕು?

ಇನ್ನು ವಂಶದ ಮಾತು. ಗಿಡ್ಡಗಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ಹಾರ್ಮೋನಿನ ಕೊರತೆ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ನಿಮ್ಮ ಮಗು ಯಾವ ಗುಂಪಿನದು ಎಂದು ಅಳೆಯದೆ ಹೇಗೆ ಹೇಳುತ್ತೀರಿ? ತಂದೆ ತಾಯಿಯರ ಎತ್ತರವನ್ನು ಕೂಡಿಸಿ, ಗಂಡು ಮಗುವಾದರೆ 13 ಸೆಂಟಿಮೀಟರ್ ಸೇರಿಸಿ, ಹೆಣ್ಣಾದರೆ 13 ಕಳೆದು, ಎರಡರಿಂದ ಭಾಗಿಸಿದರೆ ವಂಶದ ಲೆಕ್ಕವೂ, ಅಂದರೆ ಮಗು ಕೊನೆಗೆ ಮುಟ್ಟಬಹುದಾದ ಅಂದಾಜು ಎತ್ತರವೂ, ಸಿಗುತ್ತದೆ. ವಂಶಪಾರಂಪರ್ಯವಾಗಿ ಗಿಡ್ಡಗಿರುವ ಮಗುವೂ ವರ್ಷಕ್ಕೆ ಐದು ಸೆಂಟಿಮೀಟರಿನಂತೆ ನಕ್ಷೆಯಲ್ಲಿ ತನ್ನ ಗೆರೆಯಲ್ಲೇ ಸಾಗುತ್ತದೆ; ಗೆರೆ ಬಿಟ್ಟು ಕೆಳಗಿಳಿಯುವ ಮಗುವಿಗೆ ವಂಶದ ಹೆಸರು ಹೇಳುವುದು ಅನ್ಯಾಯ. ಅದಕ್ಕೆ ಕಾರಣ ಥೈರಾಯ್ಡ್ ಇರಬಹುದು, ಮೂತ್ರಪಿಂಡದ ಕಾಯಿಲೆ ಇರಬಹುದು, ಹೆಣ್ಣು ಮಕ್ಕಳಲ್ಲಿ ಹುಟ್ಟಿನಿಂದಲೇ ಇರುವ ವರ್ಣತಂತುವಿನ ದೋಷವಾದ ಟರ್ನರ್ ಸಿಂಡ್ರೋಮ್ ಇರಬಹುದು, ಬೆಳವಣಿಗೆ ಹಾರ್ಮೋನನ್ನು ಸುರಿಸುವ, ಮಿದುಳಿನ ಬುಡದಲ್ಲಿರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿಯ ತೊಂದರೆಯೂ ಇರಬಹುದು. ಈ ಹಾರ್ಮೋನು ಬಿಟ್ಟುಬಿಟ್ಟು, ಮುಖ್ಯವಾಗಿ ಗಾಢ ನಿದ್ರೆಯಲ್ಲಿ, ಸುರಿಯುವುದರಿಂದ ಬೆಳಿಗ್ಗೆ ಒಮ್ಮೆ ರಕ್ತ ಕೊಟ್ಟರೆ ಏನೂ ತಿಳಿಯದು. ಎಡ ಅಂಗೈಯ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸನ್ನು, ಅಂದರೆ ಮೂಳೆ ಎಷ್ಟು ವರ್ಷದ ಮಗುವಿನಷ್ಟು ಬಲಿತಿದೆ ಎಂಬುದನ್ನು ನೋಡುತ್ತಾರೆ, ಕ್ಲೋನಿಡಿನ್‌ನಂತಹ ಔಷಧ ಕೊಟ್ಟು ಗ್ರಂಥಿಯನ್ನು ಪ್ರಚೋದಿಸಿ ಹಲವು ಬಾರಿ ರಕ್ತ ತೆಗೆಯುತ್ತಾರೆ. ನಮ್ಮ ಹುಡುಗನಿಗೆ ಒಂಬತ್ತು ತುಂಬಿದ್ದಾಗ ಮೂಳೆಗಿನ್ನೂ ಆರೇ ವರ್ಷ.

‘ಹಾರ್ಮೋನ್ ಇಂಜೆಕ್ಷನ್ ಅಪಾಯ’ ಎನ್ನುವವರ ಮಾತಿನಲ್ಲಿ ಹಳೆಯ ಕಾಲದ ಭಯವಿದೆ. 1958ರಲ್ಲಿ ಮೊದಲ ಯಶಸ್ವಿ ಚಿಕಿತ್ಸೆ ವರದಿಯಾದಾಗ ಹಾರ್ಮೋನನ್ನು ಸತ್ತವರ ಪಿಟ್ಯುಟರಿಯಿಂದ ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಮಿದುಳಿನ ಮಾರಕ ಕಾಯಿಲೆ ತಗುಲಿದ್ದು ತಿಳಿದು ಅಮೆರಿಕದಲ್ಲಿ 1985ರಲ್ಲಿ ನಿಲ್ಲಿಸಿದರು, ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರಾದ ಹಾರ್ಮೋನಿಗೆ ಅನುಮತಿ ಸಿಕ್ಕಿತು. ಇಂದು ಮಕ್ಕಳಿಗೆ ಕೊಡುವುದು ಈ ಪ್ರಯೋಗಾಲಯದ ಬಗೆಯದ್ದು. ಚಿಕಿತ್ಸೆ ನಡೆಯುವಾಗ ತಲೆನೋವು, ಕುಂಟುವುದು, ಸೊಂಟದ ಕೀಲಿನ ನೋವು ಕಂಡರೆ ಕೂಡಲೇ ವೈದ್ಯರಿಗೆ ಹೇಳಬೇಕು, ಸಕ್ಕರೆಯ ಮಟ್ಟವನ್ನೂ ನೋಡುತ್ತಿರಬೇಕು. ಇದು ದುಬಾರಿಯ ಚಿಕಿತ್ಸೆ, ತೂಕ ಹೆಚ್ಚಿದಂತೆ ಪ್ರಮಾಣವೂ ಖರ್ಚೂ ಹೆಚ್ಚುತ್ತದೆ. ಅಕ್ಕ ಬೆಂಗಳೂರಿನಿಂದ ಇಂಜೆಕ್ಷನ್ ಇಟ್ಟು ಐಸ್ ತುಂಬಿದ ಡಬ್ಬಿಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತರುತ್ತಿದ್ದಳು, ಕರೆಂಟು ಹೋದರೆ ಮೊದಲು ಫ್ರಿಜ್ಜಿನ ಬಾಗಿಲಿಗೆ ಕಾವಲು ಕೂರುತ್ತಿದ್ದಳು. ಚಿಕಿತ್ಸೆಯ ಮೊದಲ ವರ್ಷ ನಮ್ಮ ಹುಡುಗ ಒಂಬತ್ತು ಸೆಂಟಿಮೀಟರ್ ಬೆಳೆದ. ಫುಟ್‌ಬಾಲ್ ಆಟಗಾರ ಲಯೊನೆಲ್ ಮೆಸ್ಸಿ ಬಾಲ್ಯದಲ್ಲಿ ಪಡೆದದ್ದೂ ಇದೇ ಚಿಕಿತ್ಸೆಯನ್ನು.

ದೊಡ್ಡವರಲ್ಲೂ ಈ ಕೊರತೆ ಇರುತ್ತದೆ ಎಂದರೆ ನಗುವವರಿದ್ದಾರೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ, ಎದೆಹಾಲು ಬಾರದೆ, ಮುಟ್ಟು ಮರಳದೆ, ವರ್ಷಗಟ್ಟಲೆ ಸುಸ್ತಿನಲ್ಲೇ ಬದುಕುವ ತಾಯಂದಿರಲ್ಲಿ ಪಿಟ್ಯುಟರಿಯೇ ಹಾಳಾಗಿರಬಹುದು. ಅದನ್ನು ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಅವರಿಗೆ ಮೊದಲು ದೇಹ ಒತ್ತಡ ತಾಳಲು ಬೇಕಾದ ಕಾರ್ಟಿಸಾಲ್ ಹಾರ್ಮೋನು, ನಂತರ ಥೈರಾಯ್ಡ್ ಸರಿಪಡಿಸಿ, ಅಗತ್ಯವಿದ್ದರೆ ಬೆಳವಣಿಗೆ ಹಾರ್ಮೋನನ್ನು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಅದು ಸ್ನಾಯು, ಮೂಳೆ, ಶಕ್ತಿಗಾಗಿ, ಎತ್ತರಕ್ಕಲ್ಲ. ಜಿಮ್ಮಿನಲ್ಲಿ ಮೈ ಉಬ್ಬಿಸಲು ಇದನ್ನೇ ಚುಚ್ಚಿಕೊಳ್ಳುವುದು ಶುದ್ಧ ತಪ್ಪು.

ಮತ್ತೆ ಹೇಳುತ್ತೇನೆ, ಅಳೆಯಿರಿ. ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಏರಿದ ರೇಷ್ಮೆ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಅದು ತಿನ್ನುವುದಿಲ್ಲ. ಹರೆಯ ಮುಗಿದು ಮೂಳೆಯ ತುದಿಗಳು ಕೂಡಿಕೊಂಡ ಮೇಲೆ ಯಾವ ಇಂಜೆಕ್ಷನ್ನೂ ಎತ್ತರ ಕೊಡುವುದಿಲ್ಲ. ‘ಆಮೇಲೆ’ ಎನ್ನುವವರು ಆಮೇಲೆ ಏನು ಕೊಡುತ್ತಾರೆ? ಈ ವಾಹಿನಿಗೆ ಚಂದಾದಾರರಾಗಿ, ಈ ಕಂತನ್ನು ನಿಮ್ಮ ಶಾಲೆಯ ಪೋಷಕರ ಗುಂಪಿಗೂ ಕಳುಹಿಸಿ, ಆದರೆ ಅದಕ್ಕೂ ಮೊದಲು ಮಗುವನ್ನು ಬರಿಗಾಲಿನಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ಒಂದು ಪುಸ್ತಕವನ್ನು ಮಟ್ಟವಾಗಿ ಇಟ್ಟು ಗೆರೆ ಎಳೆದು, ಪಕ್ಕದಲ್ಲಿ ಇಂದಿನ ದಿನಾಂಕ ಬರೆಯಿರಿ. ಚಿಂತಾಮಣಿಯ ಅಣ್ಣನವರೇ, ನಿಮ್ಮ ಮನೆಯ ಗೆರೆಗಾಗಿ ನಾನು ಆರು ತಿಂಗಳು ಕಾಯುತ್ತೇನೆ.