ಇಂಟರ್ನ್‌ಶಿಪ್‌ನಲ್ಲಿ ಸಮಾಜಶಾಸ್ತ್ರ ಎಲ್ಲಿದೆ?

ಅಧ್ಯಾಪಕ ಮಿತ್ರರೆ, ವಿದ್ಯಾರ್ಥಿಗಳೆ,

ಸಮಾಜಶಾಸ್ತ್ರದ ಇಂಟರ್ನ್‌ಶಿಪ್ ವರದಿಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಸಂಸ್ಥೆಯ ಸ್ಥಾಪನೆ, ಧ್ಯೇಯೋದ್ದೇಶ, ಸಿಬ್ಬಂದಿ ಪಟ್ಟಿ, ಚಟುವಟಿಕೆ, ನಾಲ್ಕು ಫೋಟೊ, ಕೊನೆಗೆ ಕೃತಜ್ಞತೆ. ಇಷ್ಟನ್ನು ತಿಳಿಯಲು ಸಂಸ್ಥೆಯ ಕರಪತ್ರ ಓದಿದ್ದರೆ ಸಾಕಿತ್ತು. ವಿದ್ಯಾರ್ಥಿ ಸೋಮಾರಿ ಅಂತಲ್ಲ. ಅಲ್ಲಿ ಹೋಗಿ ಏನನ್ನು ನೋಡಬೇಕು ಅನ್ನುವುದೇ ಹೊರಡುವ ಮುಂಚೆ ತೀರ್ಮಾನವಾಗಿರುವುದಿಲ್ಲ.

ಮೊದಲು ವಿಭಾಗ, ಸಂಸ್ಥೆ, ವಿದ್ಯಾರ್ಥಿ ಮೂವರೂ ಸಹಿ ಹಾಕುವ ಒಂದು ಪುಟದ ಒಪ್ಪಂದ ಆಗಲಿ. ಕೆಲಸದ ವೇಳೆ, ಓಡಾಟದ ಖರ್ಚು, ದಿನದ ಕೆಲಸ ಹೇಳುವವರು ಯಾರು, ಅವರು ರಜೆ ಹಾಕಿದರೆ ಯಾರು, ಯಾವ ಕಡತ ನೋಡಬಹುದು, ಅದರಲ್ಲಿ ಯಾವುದನ್ನು ವರದಿಗೆ ಬಳಸಬಹುದು, ಇಷ್ಟು ಅದರಲ್ಲಿರಬೇಕು. ಕೊನೆಯದನ್ನು ಬಾಯಿಮಾತಿಗೆ ಬಿಟ್ಟರೆ ಮೊದಲ ವಾರದ ‘ಧಾರಾಳವಾಗಿ ಬಳಸ್ಕೊಳ್ಳಿ’ ಎಂಬ ಮಾತು ವರದಿ ಕೊಡುವ ಹೊತ್ತಿಗೆ ‘ಇದನ್ನೆಲ್ಲ ಯಾಕೆ ಬರೆದ್ರಿ?’ ಎಂದಾಗಿರುತ್ತದೆ.

ಒಪ್ಪಂದದ ಜೊತೆಗೆ ಒಂದು ಪ್ರಶ್ನೆಯೂ ಬೇಕು, ಒಂದೇ ಸಾಕು. ‘ಮಹಿಳಾ ಸಬಲೀಕರಣ’ ಅನ್ನುವುದು ವಿಷಯ, ಪ್ರಶ್ನೆಯಲ್ಲ. ‘ಅರ್ಜಿ ತಿರಸ್ಕೃತವಾದರೆ ಅದನ್ನು ಅರ್ಜಿದಾರರಿಗೆ ಯಾರು, ಹೇಗೆ ಹೇಳುತ್ತಾರೆ?’ ಅನ್ನುವುದು ಪ್ರಶ್ನೆ. ಅದಕ್ಕೆ ಉತ್ತರ ಕಣ್ಣೆದುರೇ ನಡೆಯುತ್ತಿರುತ್ತದೆ, ಮತ್ತೆ ಮತ್ತೆ ನಡೆಯುತ್ತದೆ.

ಮೂರನೇ ವಾರಕ್ಕೆ ವಿಭಾಗಕ್ಕೆ ಬರುವ ದೂರು ಯಾವಾಗಲೂ ಒಂದೇ: ‘ಬರೀ ಡಾಟಾ ಎಂಟ್ರಿ ಮಾಡಿಸ್ತಾರೆ ಸರ್.’ ಅದೇ ಪೂರ್ತಿ ಅವಧಿಯ ಕೆಲಸವಾದರೆ ಅಧ್ಯಾಪಕರು ಮಧ್ಯೆ ಪ್ರವೇಶಿಸಲೇಬೇಕು. ಆದರೆ ಎಂಟ್ರಿಗೆಂದು ಕೊಟ್ಟ ಆ ರಿಜಿಸ್ಟರನ್ನು ಒಮ್ಮೆ ಸರಿಯಾಗಿ ನೋಡಿ. ಸಂಸ್ಥೆಗೆ ದೂರು ಕೊಡಲು ಬಂದವರು ಕಾಲು ಗಂಟೆ ಮಾತಾಡುತ್ತಾರೆ. ರಿಜಿಸ್ಟರಿನಲ್ಲಿ ಉಳಿಯುವುದು ‘ಕೌಟುಂಬಿಕ ಕಲಹ’ ಎಂಬ ಎರಡು ಪದ. ಸಾಲ, ಜಾಗದ ತಕರಾರು, ಅತ್ತೆಯ ಮಾತು, ಹೊಡೆತ ಎಲ್ಲವೂ ಆ ಒಂದೇ ಕಾಲಮ್ಮಿನೊಳಗೆ ಹೋದವು. ಯಾವ ಕಾಲಮ್ ಸದಾ ಖಾಲಿ? ‘ಇತರೆ’ಗೆ ಯಾರು ಬೀಳುತ್ತಾರೆ? ‘ಕುಟುಂಬದ ಮುಖ್ಯಸ್ಥ’ ಎಂಬಲ್ಲಿ ಹೆಂಗಸಿನ ಹೆಸರು ಬರೆಯುವ ಮುಂಚೆ ಗುಮಾಸ್ತರು ಇನ್ನೊಮ್ಮೆ ಕೇಳುತ್ತಾರೆಯೇ? ಆಡಿದ ಮಾತು ದಾಖಲೆಯಾಗುವಾಗ ಏನು ಉದುರಿತು ಎಂದು ಹಿಡಿದವರಿಗೆ ವರದಿಯ ಮುಖ್ಯ ಅಧ್ಯಾಯ ಅಲ್ಲೇ ಸಿಕ್ಕಿತು.

ಇದನ್ನು ಹಿಡಿಯುವುದು ಟಿಪ್ಪಣಿಯಲ್ಲಿ. ಸ್ಥಳದಲ್ಲಿ ಬಿಡಿ ಪದಗಳನ್ನಷ್ಟೇ ಗುರುತು ಹಾಕಿಕೊಳ್ಳಿ, ಪೂರ್ತಿ ಬರಹ ಅದೇ ರಾತ್ರಿ ಆಗಬೇಕು. ನಾಳೆಗೆ ಬಿಟ್ಟರೆ ಜನ ಆಡಿದ ಮಾತು ಹೋಗಿ ನಿಮ್ಮ ಸಾರಾಂಶ ಉಳಿಯುತ್ತದೆ. ಕಂಡದ್ದು, ಕೇಳಿದ ಮಾತು ಇದ್ದ ಹಾಗೆ, ನನಗನಿಸಿದ್ದು, ಈ ಮೂರನ್ನು ಬೇರೆಬೇರೆಯಾಗಿ ಬರೆಯಿರಿ. ‘ಅಧಿಕಾರಿ ಒರಟಾಗಿ ನಡೆದುಕೊಂಡರು’ ಎಂಬುದು ಅನಿಸಿಕೆ. ‘ತಲೆ ಎತ್ತದೆ, ಕೂರಲು ಹೇಳದೆ ಕಾಗದ ವಾಪಸು ತಳ್ಳಿದರು’ ಎಂಬುದು ಕಂಡದ್ದು. ಒಂದು ಗಂಟೆಯ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಇಪ್ಪತ್ತು ಸಂದರ್ಶನ ಎಂದು ಯೋಜನೆಯಲ್ಲಿ ಬರೆಯುವವರು ಈ ಗುಣಾಕಾರ ಮಾಡಿರುವುದಿಲ್ಲ.

ಪ್ರತಿಗಳನ್ನು ಬೇರೆಬೇರೆ ಕಡೆ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ರಾಂಪುರ ಎಂಬ ಹಳ್ಳಿಯಲ್ಲಿ ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳಿಗೆ ಮೂರು ಪ್ರತಿಗಳಿದ್ದವು. ಮೂರೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಒಂದೇ ಕೊಠಡಿಯಲ್ಲಿದ್ದವು. 1970ರಲ್ಲಿ ಅಲ್ಲಿಗೆ ಬೆಂಕಿ ಬಿತ್ತು.

ಇನ್ನು ಒಪ್ಪಿಗೆಯ ವಿಚಾರ. ಎಡವುವವರು ಹೆಚ್ಚು ಇಲ್ಲಿಯೇ. ಸಂಸ್ಥೆಯ ಮುಖ್ಯಸ್ಥರು ಅನುಮತಿ ಕೊಟ್ಟರೆ ಅಲ್ಲಿಗೆ ಬರುವ ಜನರೂ ಒಪ್ಪಿದಂತಾಗಲಿಲ್ಲ. ಕೊರಳಲ್ಲಿ ಸಂಸ್ಥೆಯ ಗುರುತಿನ ಚೀಟಿ ಹಾಕಿಕೊಂಡು ‘ಒಂದೆರಡು ಪ್ರಶ್ನೆ ಕೇಳಲಾ?’ ಎಂದರೆ, ಸೌಲಭ್ಯಕ್ಕಾಗಿ ಕಾದು ಕೂತವರು ಬೇಡ ಅನ್ನುವುದು ಹೇಗೆ? ಅವರ ಕೆಲಸ ಮುಗಿದ ಮೇಲೆ ಕೇಳಿ. ನೀವು ವಿದ್ಯಾರ್ಥಿ, ಉತ್ತರಿಸದಿದ್ದರೂ ಅವರಿಗೆ ಸಿಗಬೇಕಾದ್ದು ಸಿಗುತ್ತದೆ ಎಂದು ಬಾಯಿಬಿಟ್ಟು ಹೇಳಿ. ಹೆಸರಿನ ಬದಲು ಸಂಕೇತ ಬಳಸಿ, ಯಾವ ಸಂಕೇತ ಯಾರದು ಎಂಬ ಪಟ್ಟಿಯನ್ನು ಬೇರೆಡೆ ಬೀಗ ಹಾಕಿಡಿ. ಊಟದ ಬಿಡುವಿನಲ್ಲಿ ಸಿಬ್ಬಂದಿ ನಿಮ್ಮನ್ನು ಸಹೋದ್ಯೋಗಿ ಎಂದುಕೊಂಡು ಆಡಿದ ಮಾತನ್ನು ಅವರನ್ನು ಕೇಳದೆ ವರದಿಗೆ ತರಬೇಡಿ, ಅದೆಷ್ಟೇ ರಸವತ್ತಾಗಿದ್ದರೂ.

ಅಧ್ಯಾಪಕರಿಗೆ ಒಂದು ಮಾತು. ಭೇಟಿಯನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ. ಕೊನೆಯ ವಾರ ಹೋದರೆ ಚಹಾ ಕುಡಿದು, ಹಾಜರಾತಿಗೆ ಸಹಿ ಹಾಕಿ ಬರಬಹುದು ಅಷ್ಟೆ; ಎರಡನೇ ವಾರದಲ್ಲಾದರೆ ಕೆಲಸ ಬದಲಿಸಬಹುದು, ಕಿರುಕುಳದ ಸುಳಿವಿದ್ದರೆ ವಿದ್ಯಾರ್ಥಿಯನ್ನು ಬೇರೆಡೆ ಕಳಿಸಬಹುದು. ಮೇಲ್ವಿಚಾರಕರು ಪಕ್ಕದಲ್ಲಿ ಇಲ್ಲದಿರುವಾಗ ವಿದ್ಯಾರ್ಥಿಯ ಹತ್ತಿರ ಮಾತಾಡಿ, ಟಿಪ್ಪಣಿ ಪುಸ್ತಕ ತೆರೆಸಿ ನೋಡಿ.

ವಿದ್ಯಾರ್ಥಿಗಳೆ, ಇಂಟರ್ನ್‌ಶಿಪ್ ಮುಗಿಸಿ ಹೊರಡುವ ದಿನವನ್ನು ವಾರ ಮುಂಚೆಯೇ ಅಲ್ಲಿನ ಜನರಿಗೆ ತಿಳಿಸಿ. ಮಾಡಿಕೊಡುತ್ತೇನೆಂದು ಒಪ್ಪಿಕೊಂಡ ಕೆಲಸ ಬಾಕಿಯಿದ್ದರೆ ಅದನ್ನು ಯಾರು ಮುಂದುವರಿಸುತ್ತಾರೆ ಎಂದು ಅವರೆದುರೇ ಗೊತ್ತುಮಾಡಿ. ಗುರುತಿನ ಚೀಟಿ ಹಿಂತಿರುಗಿಸಿ, ಫೋನಿನಲ್ಲಿ ಉಳಿದ ಸಂಸ್ಥೆಯ ಕಡತಗಳನ್ನು, ಅರ್ಜಿದಾರರ ಫೋಟೊಗಳನ್ನು ಅಳಿಸಿ. ವಾಟ್ಸ್ಆ್ಯಪ್ ಗುಂಪಿನಿಂದಲೂ ಹೊರಬನ್ನಿ.